ಅಮರಪ್ಪನನ್ನು ಕುಂಡ್ರಿಸಿದ ದಿನ

ರೇವಣಸಿದ್ದ ಮುತ್ಯಾ ಎರಡನೆಯ ಸಲ ಮೊಣಕಾಲಿನ ಕೆಳಗೆ ಕೈ ಹಾಕಿ ಎತ್ತಿದ. ಕಾಲು ಮಡಚಲಿಲ್ಲ. ಕಾಲಿನ ಜೊತೆ ಸೊಂಟ ಎದ್ದಿತು, ಸೊಂಟದ ಜೊತೆ ಬೆನ್ನು ಎದ್ದಿತು, ಇಡೀ ಅಮರಪ್ಪ ಹಲಗೆಯ ಹಾಗೆ ಓರೆಯಾಗಿ ಎದ್ದು ಮತ್ತೆ ಚಾಪೆಯ ಮೇಲೆ ಬಿದ್ದ.

"ಇನ್ನೊಂದ ಬಕೀಟು ಬಿಸಿನೀರ ತಾರವ್ವಾ," ಅಂದ ಮುತ್ಯಾ.

"ಮೂರ ಬಕೀಟ ಆತಲ್ರಿ ಮುತ್ಯಾ," ಅಂದಳು ಸೊಸೆ ನಂದಿನಿ. "ಗ್ಯಾಸ್ ಮುಗೀಲಿಕ್ಕ ಬಂದದ. ಹೊರಗ ಮಂದಿ ಚಹಾ ಕೇಳಾಕತ್ತಾರ."

"ಚಹಾ ಆಮ್ಯಾಲ ಕುಡೀತಾರ. ಅವರಿಗೇನ ಅವಸರ, ಜೀವಂತ ಅದಾರ."

ನಂದಿನಿ ಬಕೀಟು ಎತ್ತಿಕೊಂಡು ಹೋದಳು. ಸತ್ತವನ ತಲೆಯ ಹತ್ತಿರ ಅವನ ಹೆಂಡತಿ ಸುಗಲಮ್ಮ ಕುಂತಿದ್ದಳು. ಅಳುತ್ತಿರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

ಇವರ ಮಂದಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಜೀವ ಹೋದ ಕೂಡಲೇ, ಮೈಯಲ್ಲಿ ಇನ್ನೂ ಬಿಸಿ ಇರುವಾಗಲೇ, ಗೋಡೆಗೆ ಒರಗಿಸಿ, ಕಾಲು ಮಡಚಿ ಕುಂಡ್ರಿಸುತ್ತಾರೆ. ಗೋಡೆಗೆ ಮೊಳೆ ಹೊಡೆದು, ಗದ್ದದ ಕೆಳಗಿಂದ ಬಟ್ಟೆ ಕಟ್ಟಿ ತಲೆ ನಿಲ್ಲಿಸುತ್ತಾರೆ. ಹಣೆಗೆ ಇಭೂತಿ, ಕೊರಳಿಗೆ ಹೂವು. ಬಂದವರು ಎದುರಿಗೆ ಕುಂತು ಮುಖ ನೋಡುತ್ತಾರೆ. ಹೊತ್ತು ಒಯ್ಯುವುದೂ ಕುಂತಂತೆಯೇ, ಹೂಳುವುದೂ ಕುಂತಂತೆಯೇ. ಸಾಯುವವರ ಹತ್ತಿರ ಒಬ್ಬರಾದರೂ ಇರಬೇಕು ಅನ್ನುವುದು ಅದಕ್ಕೇ. ಇದ್ದರೆ ಕುಂಡ್ರಿಸುವುದು ಎರಡು ನಿಮಿಷದ ಕೆಲಸ.

ರೇವಣಸಿದ್ದನಿಗೆ ಎಂಬತ್ತರ ಹತ್ತಿರ ವಯಸ್ಸು. ಶಹಾಪುರದ ಈ ಓಣಿಯಲ್ಲಿ ಐವತ್ತು ವರ್ಷದಿಂದ ಹೆಣ ಕುಂಡ್ರಿಸುವವನು ಅವನೇ. ಯಾರೂ ನೇಮಿಸಿದ್ದಲ್ಲ. ಒಮ್ಮೆ ಮಾಡಿದ, ಆಮೇಲೆ ಎಲ್ಲರೂ ಕರೆದರು.

"ಎಷ್ಟೊತ್ತಿಗಿ ಹೋದಾ?" ಅಂತ ಕೇಳಿದ.

"ಮುಂಜಾನಿ ಎಂಟಕ್ಕರಿ," ಅಂದಳು ಸುಗಲಮ್ಮ.

ಗೋಡೆಯ ಗಡಿಯಾರದಲ್ಲಿ ಹತ್ತಾಗಿತ್ತು. ಮುತ್ಯಾ ಗಡಿಯಾರ ನೋಡಿದ, ಕಾಲು ನೋಡಿದ.

ಅಷ್ಟರಲ್ಲಿ ಅಮರಪ್ಪನ ತಮ್ಮ ಮರಿಲಿಂಗ ಚಪ್ಪಲಿ ಬಿಟ್ಟು ಒಳಗೆ ಬಂದ. ಯಾದಗಿರಿಯಲ್ಲಿ ಅವನದು ಸೈಕಲ್ ಅಂಗಡಿ. ಸುದ್ದಿ ಕೇಳಿ ಬೈಕಿನ ಮೇಲೆ ಬಂದಿದ್ದ. ಬಂದಾಗಿನಿಂದ ಒಳಗೆ ಹೊರಗೆ ತಿರುಗಾಡುತ್ತಲೇ ಇದ್ದ. ಅವನ ಹಿಂದೆಯೇ ಅಮರಪ್ಪನ ಮಗ ದೇವು ಬಂದ.

"ಏನ್ರಿ ಮುತ್ಯಾ, ಇನ್ನಾ ಆಗಿಲ್ಲೇನು? ಭಜನಿಯವರು ತಬಲಾ ಬಿಚ್ಚಿಕೊಂಡು ಕುಂತಾರ. ಯಾರ ಮುಂದ ಹಾಡೂಣು ಅಂತ ಕೇಳಾಕತ್ತಾರ."

"ತಡಿ ಒಂದೀಟು."

"ಎಷ್ಟಂತ ತಡೀಲಿ? ಎಂಟಕ್ಕ ಹೋದಾವ ಹತ್ತಕ್ಕ ಹಿಂಗ ಕಟಗಿ ಹೆಂಗ ಆಗತಾನ? ನಮ್ಮಪ್ಪನ್ನ ಕುಂಡ್ರಿಸಿದಾಗ ನಾನಾ ಹಿಡದಿದ್ದೆ. ಅಂವಗ ಊಟಕ್ಕ ಕುಂಡ್ರಿಸಿದಂಗ ಕುಂಡ್ರಿಸಿದ್ವಿ."

"ಲಕ್ವಾ ಹೊಡದ ಮೈ ಕಾಕಾ," ಅಂದ ದೇವು ಬೇಗನೆ. "ಮೊದಲಾ ಸೆಡತಿತ್ತು."

"ಹೊರಗ ನಡೀರಿ ಎಲ್ಲಾರು," ಅಂದ ಮುತ್ಯಾ. "ಗಂಡಸರು ಬಂದು ನಿಂತ್ರ ಹೆಣ ಏನು ಹೆದರಿ ಮಡಚತದೇನು?"

ಅವರು ಹೋದರು. ಮುತ್ಯಾ ಒದ್ದೆ ಬಟ್ಟೆಯನ್ನು ಮೊಣಕಾಲಿಗೆ ಸುತ್ತಿದ. ಸುತ್ತುತ್ತಾ ತಲೆ ಎತ್ತದೆ ಕೇಳಿದ:

"ಲಕ್ವಾ ಹೊಡದದ್ದು ಯಾವ ಕಡಿ ಸುಗಲವ್ವ?"

"ಬಲಕ್ಕರಿ."

"ಇದು ಎಡಗಾಲು."

ಸುಗಲಮ್ಮನ ಬೆರಳಿಗೆ ಸುತ್ತಿದ ಸೆರಗು ಅಲ್ಲೇ ನಿಂತಿತು.

*

ಲಕ್ವಾ ಹೊಡೆಯುವ ಮೊದಲು ಅಮರಪ್ಪ ಶಹಾಪುರದ ಬಸ್‌ಸ್ಟ್ಯಾಂಡಿನ ಎದುರು ಟಂಟಂ ಆಟೋ, ಜೀಪುಗಳಿಗೆ ಮಂದಿಯನ್ನು ಕೂಗಿ ತುಂಬಿಸುತ್ತಿದ್ದ. ಇಪ್ಪತ್ತೆರಡು ವರ್ಷ ಅದೇ ಕೆಲಸ. ಬೆಳಿಗ್ಗೆ ಆರಕ್ಕೆ ಬೇವಿನ ಮರದ ಕೆಳಗೆ ನಿಂತು "ಸುರಪುರ, ಸುರಪುರ, ಸುರಪುರ" ಅಂತ ಶುರು ಮಾಡಿದರೆ ಓಣಿಯ ಹೆಂಗಸರು ಅದನ್ನು ಕೇಳಿ ಒಲೆ ಹಚ್ಚುತ್ತಿದ್ದರು. ಬಸುರಿಯರನ್ನು ಮುಂದಿನ ಸೀಟಿಗೆ ಹತ್ತಿಸುತ್ತಿದ್ದ. ಕೋಳಿ ತಂದವರಿಗೆ ಕಾಲ ಹತ್ತಿರ ಜಾಗ ಮಾಡಿಕೊಡುತ್ತಿದ್ದ. ಕೋರ್ಟಿಗೆ ಹೋಗುವವರನ್ನು ಮುಖ ನೋಡಿಯೇ ಗುರುತು ಹಿಡಿದು, "ಹೋಗಿ ಬಾ, ತಾರೀಖು ಕೊಡತಾರ ಅಷ್ಟಾ," ಅನ್ನುತ್ತಿದ್ದ. ಅಷ್ಟು ಮಂದಿಯನ್ನು ಸುರಪುರಕ್ಕೆ ಕಳಿಸಿದವನು ತಾನು ಹೋದದ್ದು ನಾಲ್ಕೋ ಐದೋ ಸಲ.

ಒಂಬತ್ತು ವರ್ಷದ ಹಿಂದೆ ಒಂದು ದಿನ ಹಾಗೆ ಕೂಗುತ್ತಿರುವಾಗಲೇ ಬಾಯಿ ಸೊಟ್ಟಗಾಯಿತು. ಜೀಪಿನ ಬಾಗಿಲು ಹಿಡಿದುಕೊಂಡು ಜಾರಿ ಕುಂತ. ಕಲಬುರಗಿಯ ದವಾಖಾನೆಯಲ್ಲಿ ಹನ್ನೊಂದು ದಿನ ಇಟ್ಟುಕೊಂಡು ಕಳಿಸಿದರು. ಬಲಗಡೆ ಪೂರ್ತಿ ಹೋಗಿತ್ತು. ಮಾತೂ ಹೋಗಿತ್ತು, ಒಂದನ್ನು ಬಿಟ್ಟು.

"ನೀರ ಬೇಕೇನು?" ಅಂದರೆ, "ಸುರಪುರ."

"ನಾ ಯಾರು ಹೇಳು ನೋಡೂಣು?" ಅಂದರೆ, "ಸುರಪುರ."

ಮೊದಲ ವರ್ಷ ಎಲ್ಲರೂ ಒಳ್ಳೆಯವರಾಗಿದ್ದರು. ದೇವು ಅಪ್ಪನನ್ನು ಎತ್ತಿ ಜಳಕ ಮಾಡಿಸುತ್ತಿದ್ದ. ಸುರಪುರದಲ್ಲಿ ಏನಾದರೂ ಇದ್ದೀತು, ಯಾರನ್ನಾದರೂ ನೋಡಬೇಕಿದ್ದೀತು ಅಂತ ಒಂದು ದಿನ ತನ್ನ ಗೂಡ್ಸ್ ಟಂಟಂನಲ್ಲಿ ಗಾದಿ ಹಾಸಿ ಸುರಪುರಕ್ಕೇ ಕರೆದುಕೊಂಡು ಹೋದ. ಅಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಎರಡು ತಾಸು ನಿಲ್ಲಿಸಿದ. ಅಮರಪ್ಪ ತುಟಿ ಬಿಚ್ಚಲಿಲ್ಲ. ಮಿರ್ಚಿ ತಿನ್ನಿಸಿದರೆ ತಿಂದ. ವಾಪಸು ಬರುವಾಗ ಊರು ದಾಟಿದ ಕೂಡಲೇ ಶುರುವಾಯಿತು: "ಸುರಪುರ, ಸುರಪುರ." ಮನೆಗೆ ಬಂದು ದೇವು ಟಂಟಂನ ಬೀಗದ ಕೈಯನ್ನು ಗೋಡೆಗೆ ಎಸೆದ. ಅವತ್ತಿನಿಂದ ಅವನು ಅಪ್ಪ ಮಲಗಿದ್ದ ಖೋಲಿಗೆ ಹೋಗುವುದು ಕಡಿಮೆಯಾಯಿತು.

ಆರು ವರ್ಷದ ಹಿಂದೆ ದೇವುಗೆ ಹೆಣ್ಣಿನ ಕಡೆಯವರು ಮನೆ ನೋಡಲು ಬಂದಾಗ ಖೋಲಿಯ ಕದ ಮುಂದೆ ಮಾಡಿದ್ದರು. ಒಳಗಿಂದ ಕೂಗು ಬಂತು. "ಅದೇನ್ರಿ?" ಅಂತ ಅವರು ಕೇಳಿದರು. "ಟಿವಿ," ಅಂದ ದೇವು. ಮುಂದೆ ನಂದಿನಿ ಸಿಟ್ಟು ಬಂದಾಗಲೆಲ್ಲ ಅದನ್ನು ಎತ್ತಿ ಆಡುತ್ತಿದ್ದಳು: "ಮದುವಿಯಾಗಿ ಬಂದ ಮ್ಯಾಲ ಗೊತ್ತಾತು, ಈ ಮನ್ಯಾಗ ಟಿವೀನಾ ಇಲ್ಲ ಅಂತ."

ಉಳಿದವಳು ಸುಗಲಮ್ಮ. ಎಳೆದು ಕೂಗಿದರೆ ನೀರು. ತುಂಡು ತುಂಡಾಗಿ ಕೂಗಿದರೆ ಹಾಸಿಗೆ ಒದ್ದೆಯಾಗಿದೆ. ಸಣ್ಣಗೆ ಒಂದೇ ಸಲ ಅಂದರೆ ಬಂದು ಕೂಡು. ಹಾಗೆಂದು ಆಕೆ ಗೊತ್ತು ಮಾಡಿಕೊಂಡಿದ್ದಳು. ಕೆಲವು ಸಲ ಗೊತ್ತಾಗುತ್ತಿರಲಿಲ್ಲ. ಆಗ ಅವನಿಗೂ ಸಿಟ್ಟು, ಆಕೆಗೂ ಸಿಟ್ಟು. ಒಂದು ಸಲ ಗಂಜಿ ಉಣಿಸುವಾಗ ಚಮಚದಿಂದ ತುಟಿಯ ಮೇಲೆ ಹೊಡೆದಳು. ಅವನು ಸುಮ್ಮನಾದ. ಆಕೆಗೆ ಅಳು ಬರಲಿಲ್ಲ, ನಿದ್ದೆ ಬಂತು. ಅಲ್ಲೇ ಅವನ ಕಾಲ ಹತ್ತಿರ ಬಟ್ಟಲು ಹಿಡಿದುಕೊಂಡೇ ಮಲಗಿಬಿಟ್ಟಳು.

*

ಹನ್ನೊಂದಾಯಿತು. ಬಿಸಿಲು ಏರಿತು. ಅಂಗಳದಲ್ಲಿ ಹಾಕಿದ್ದ ಶಾಮಿಯಾನದ ಕೆಳಗೆ ಮಂದಿ ಟವೆಲಿನಿಂದ ಗಾಳಿ ಹಾಕಿಕೊಳ್ಳುತ್ತಾ ಕುಂತಿದ್ದರು.

ಮರಿಲಿಂಗ ಬಾಗಿಲಿನಲ್ಲಿ ನಿಂತ. "ಈಗೇನು ಮುತ್ಯಾ?"

"ರಾಹುಕಾಲ ಕಳೀಲಿ."

ಹೊರಗಿನಿಂದ ಯಾರೋ ಮೊಬೈಲು ನೋಡಿ ಹೇಳಿದರು: "ಇವತ್ತ ಮಂಗಳವಾರ ಮುತ್ಯಾ. ರಾಹುಕಾಲ ಮೂರಕ್ಕ ಅದ."

"ಹಂಗಾರ ಕುಣಿ ತಯಾರ ಆಗಲಿ."

ಕುಣಿ ತೋಡಲು ಹೋದವರು ಗುದ್ದಲಿ ಹೊತ್ತುಕೊಂಡು ಅದೇ ಹೊತ್ತಿಗೆ ಬಂದರು. "ಆತ್ರಿ ಕುಣಿ. ಚೌಕ ತೋಡೀವಿ, ಅವರಪ್ಪನ ಬಾಜೂಕ. ಚಹಾ ಕೊಡ್ರಿ," ಅಂದರು.

ಮರಿಲಿಂಗ ಹಣೆಗೆ ಕೈ ಹಚ್ಚಿಕೊಂಡ. "ಮುತ್ಯಾ, ನೀವು ಹಿರೇರು. ಆದ್ರ ಇದು ಆಗೂ ಮಾತಲ್ಲ. ಕುಂಡ್ರದಿದ್ರ ಮಲಗಿಸಿ ಹೂಳೂಣು."

"ಎಲ್ಲಿ ಮಲಗಸ್ತಿ? ಕುಣಿ ಉದ್ದ ಮಾಡಾಕ ಒಂದ ಕಡಿ ಬಂಡೆಗಲ್ಲ ಅದ, ಒಂದ ಕಡಿ ನಿಮ್ಮವ್ವ ಅದಾಳ. ನಿಮ್ಮವ್ವನ್ನ ಎಬ್ಬಸ್ತೀಯೇನು?"

"ಐಸ್ ಪೆಟಗಿ ತರಸೂಣೇನು ಹಂಗಾರ?" ಅಂದ ದೇವು.

"ಅದರಾಗ ಇಟ್ರ ಇನ್ನಾ ಸೆಡೀತಾನ ತಮ್ಮ. ಐಸಿನಾಗ ಯಾವುದು ಮೆತ್ತಗಾಗೇದ?"

"ಮತ್ತೇನ ಮಾಡಬೇಕು ಹೇಳ್ರಿ?" ಮರಿಲಿಂಗನ ದನಿ ಏರಿತು. "ಎಂಟಕ್ಕ ಹೋಗ್ಯಾನ ಅಂತೀರಿ. ಹಂಗಾರ ಈಗ ಗಟ್ಟಿ ಆಗಾಕತ್ತದ ಅಷ್ಟಾ. ನಾಳಿ ಮುಂಜಾನಿತನಕ ಬಿಡಾಂಗಿಲ್ಲ. ಈ ಬ್ಯಾಸಗ್ಯಾಗ ನಾಳಿತನಕ ಇಡಾಕ ಬರತದೇನು? ಬಳಿಗಾರ ಓಣ್ಯಾಗ ಹೋದ ವರ್ಷ ಹಿಂಗಾ ಆಗಿತ್ತು. ಮೊಣಕಾಲ ಕೆಳಗ ಕಲ್ಲ ಕೊಟ್ಟು ಮ್ಯಾಲಿಂದ ಒತ್ತಿದ್ರು. ಲಟ್ಟಂತು, ಕುಂತಾ. ಸತ್ತಾವಗ ನೋವೇನು?"

ಕುಣಿ ತೋಡಿ ಬಂದವರಲ್ಲಿ ಒಬ್ಬ ಅಂಗಳದ ಮೂಲೆಯಲ್ಲಿ ಬಿದ್ದಿದ್ದ ರುಬ್ಬುಕಲ್ಲನ್ನು ನೋಡಿದ.

"ಅರ್ಧ ತಾಸು ಕೊಡು," ಅಂದ ಮುತ್ಯಾ.

"ಅರ್ಧ ತಾಸು ಅಷ್ಟಾ," ಅಂತ ಹೇಳಿ ಮರಿಲಿಂಗ ಹೊರಗೆ ಹೋದ.

ಪಡಸಾಲೆಯಲ್ಲಿ ಈಗ ಮುತ್ಯಾ, ಸುಗಲಮ್ಮ, ದೇವು, ನಂದಿನಿ ಅಷ್ಟೇ ಉಳಿದರು. ಮುತ್ಯಾ ಕದ ಮುಂದೆ ಮಾಡಿದ.

"ಸುಗಲವ್ವ, ನಾ ನಿನಗ ಬೈಯೂದಿಲ್ಲ, ಕೇಳೂದೂ ಇಲ್ಲ. ಹೆಣ ಸೆಡಿಯೂದು ಸುದ್ದಾ ಒಂದ ಲೆಕ್ಕದಾಗ ಅದ. ಒಂದ ಹಗಲು, ಒಂದ ರಾತ್ರಿ. ಎರಡ ತಾಸು ಹಿಂದ ಮುಂದ. ಆಮ್ಯಾಲ ತಾನಾ ಬಿಡತದ. ಎಂಟಕ್ಕ ಹೋಗಿದ್ರ ಇದು ನಾಳಿ ಬಿಡತದ, ಅವರು ಇವತ್ತ ಮುರೀತಾರ. ಮುಂಚೇನಾ ಹೋಗಿದ್ರ ಇವತ್ತಾ ಬಿಡತದ. ನಾ ಹೇಳಿದ್ರ ಮುದುಕನ ಅಂದಾಜು ಅಂತಾರ. ನೀ ಹೇಳಬೇಕು."

"ಎಂಟಕ್ಕಾ ಹೋಗ್ಯಾನ," ಅಂದ ದೇವು. ಅವನ ದನಿ ಗಟ್ಟಿಯಾಗಿತ್ತು, ಕಣ್ಣು ಮಾತ್ರ ನೆಲ ನೋಡುತ್ತಿತ್ತು.

*

ಹಿಂದಿನ ದಿನ ಭೀಮರಾಯನಗುಡಿಯಲ್ಲಿ ನಂದಿನಿಯ ತಂಗಿಯ ಮಗುವಿನ ತೊಟ್ಟಿಲ ಕಾರ್ಯವಿತ್ತು. ಇಂಥ ಕಾರ್ಯಗಳಿಗೆ ದೇವು, ನಂದಿನಿ ಹೋಗುವುದು, ಸುಗಲಮ್ಮ ಉಳಿಯುವುದು ರೂಢಿ. ಈ ಸಲ ಆಕೆ ಹಸಿರು ಇಳಕಲ್ಲ ಸೀರೆ ಉಟ್ಟುಕೊಂಡು ಬಂದು ಟಂಟಂ ಹತ್ತಿ ಕುಂತುಬಿಟ್ಟಳು.

"ಅಪ್ಪನ ಹತ್ರ ಯಾರು?" ಅಂದ ದೇವು.

"ಒಂಬತ್ತ ವರ್ಷ ನಾ. ಒಂದ ದಿನ ಗ್ವಾಡಿ ಇರಲಿ."

ಹೊರಡುವ ಮೊದಲು ಗಂಜಿ ಕುಡಿಸಿದ್ದಳು, ಹಾಸಿಗೆ ಬದಲಿಸಿದ್ದಳು, ಫ್ಯಾನು ಹಚ್ಚಿದ್ದಳು. ಮನೆಗೆ ಹೊರಗಿನಿಂದ ಬೀಗ ಹಾಕಿದ್ದಳು. ಬೀಗ ಹಾಕುವಾಗ ಒಳಗಿನಿಂದ ಸಣ್ಣಗೆ ಒಂದೇ ಸಲ ಕೇಳಿಸಿತು. ಆಕೆ ಕೀಲಿ ತಿರುವಿದಳು.

ಭೀಮರಾಯನಗುಡಿಯಲ್ಲಿ ಆಕೆ ಎರಡು ಹೋಳಿಗೆ ಉಂಡಳು. ಹೆಂಗಸರ ನಡುವೆ ಕುಂತು ಜೋಗುಳ ಹೇಳಿದಳು. ಒಂಬತ್ತು ವರ್ಷದ ಹಿಂದೆ ಹೇಳುತ್ತಿದ್ದದ್ದೆಲ್ಲ ಬಾಯಲ್ಲಿ ಹಾಗೇ ಇತ್ತು. "ಅತ್ತಿ, ಹೊತ್ತಾತು," ಅಂತ ನಂದಿನಿ ಎರಡು ಸಲ ಅಂದಳು. "ಕೂಡು," ಅಂತ ಆಕೆಯೇ ಎರಡು ಸಲ ತಡೆದಳು.

ಮನೆಗೆ ಬಂದಾಗ ಸಂಜೆ ಏಳು. ಬೀಗ ತೆಗೆದರು. ಮನೆ ಸುಮ್ಮನಿತ್ತು. ದೇವು ಗಾಡಿ ಒರೆಸಲು ಹೋದ, ಅವ್ವ ನೋಡುತ್ತಾಳೆ ಅಂದುಕೊಂಡ. ನಂದಿನಿ ಒಲೆಯ ಕಡೆ ಹೋದಳು, ಅತ್ತೆ ನೋಡುತ್ತಾಳೆ ಅಂದುಕೊಂಡಳು. ಸುಗಲಮ್ಮ ಖೋಲಿಯ ಕದದ ಮುಂದೆ ನಿಂತಳು. ಒಳಗಿನಿಂದ ಏನೂ ಕೇಳಿಸಲಿಲ್ಲ. ಮಲಗ್ಯಾನ, ದೇವರ ಪುಣ್ಯ, ಅಂದುಕೊಂಡಳು. ಕದ ತೆಗೆದರೆ ಎದ್ದಾನು. ಎದ್ದರೆ ಶುರುವಾದೀತು. ಹಸಿರು ಸೀರೆ ಬಿಚ್ಚುವ ಮನಸ್ಸೂ ಇರಲಿಲ್ಲ. ಹಾಗೇ ಹೋಗಿ ಪಡಸಾಲೆಯಲ್ಲಿ ಮಲಗಿದಳು. ಮಲಗಿದ್ದೇ ಗೊತ್ತು, ಎಚ್ಚರಾದದ್ದು ಬೆಳಗಿನ ಆರಕ್ಕೆ.

ಬೆಳಿಗ್ಗೆ ಮೂವರೂ ಖೋಲಿಯಲ್ಲಿ ಬಹಳ ಹೊತ್ತು ನಿಂತಿದ್ದರು. "ಎಂಟಕ್ಕ ಹೋದಾ ಅನ್ನೂಣು," ಅಂತ ಮೊದಲು ಅಂದವನು ದೇವು. "ಇಲ್ಲಾಂದ್ರ ನನ್ನ ತವರಿನವರು ಏನಂದಾರು, ಅವರ ಮನಿ ತೊಟ್ಟಿಲದ ದಿನಾನಾ," ಅಂದವಳು ನಂದಿನಿ. ಸುಗಲಮ್ಮ ಸೀರೆ ಬದಲಿಸಿ ಬಂದಳು.

*

ಅರ್ಧ ತಾಸಿಗೆ ಮರಿಲಿಂಗ ಕದ ನೂಕಿದ. ಅವನ ಹಿಂದೆ ಇಬ್ಬರು ಗಂಡಸರು. ಒಬ್ಬನ ಕೈಯಲ್ಲಿ ರುಬ್ಬುಕಲ್ಲು, ಅದಕ್ಕೆ ಗೋಣಿಚೀಲ ಸುತ್ತಿತ್ತು.

"ವೈನಿ, ನೀವು ಒಳಗ ಹೋಗ್ರಿ. ನೋಡಬ್ಯಾಡ್ರಿ," ಅಂದ.

ಸುಗಲಮ್ಮ ಏಳಲಿಲ್ಲ. ಗಂಡನ ಎಡ ಮೊಣಕಾಲಿನ ಮೇಲೆ ಕೈ ಇಟ್ಟಳು. ಕಲ್ಲು ತಂದವನು ಕುಕ್ಕರಗಾಲಲ್ಲಿ ಕುಂತು, ಕಲ್ಲನ್ನು ಕಾಲ ಕೆಳಗೆ ಸರಿಸಲು ಜಾಗ ನೋಡಿದ.

"ಕಲ್ಲು ಹೊರಗ ಒಯ್ಯಿ," ಅಂದಳು ಸುಗಲಮ್ಮ.

"ವೈನಿ, ತಿಳೀರಿ ಒಂದೀಟು. ನಾಳಿತನಕ..."

"ನಾಳಿ ಅಲ್ಲ. ಇವತ್ತಾ ಬಿಡತದ."

"ಹೆಂಗ ಬಿಡತದ? ಮುಂಜಾನಿ ಎಂಟಕ್ಕ..."

"ಯವ್ವಾ, ಸುಮ್ನಿರು," ಅಂದ ದೇವು.

"ಎಂಟಕ್ಕ ಅಲ್ಲ," ಅಂದಳು ಸುಗಲಮ್ಮ. "ನಿನ್ನಿ ಹೋಗ್ಯಾನ. ಎಷ್ಟೊತ್ತಿಗಿ ಅಂತ ನನಗ ಗೊತ್ತಿಲ್ಲ. ಮನಿಗಿ ಬೀಗ ಹಾಕಿ ತೊಟ್ಟಲಕ್ಕ ಹೋಗಿದ್ವಿ. ಸಂಜೀಗಿ ಬಂದು ನಾನಾ ಕದ ತಗೀಲಿಲ್ಲ. ಕೂಗಲಿಲ್ಲಲ್ಲ, ಮಲಗ್ಯಾನ ಅಂತ ಖುಷಿ ಆತು. ನಾ ಮಲಕೊಂಡೆ."

ಅವಳ ದನಿ ಅಳುವವರ ದನಿಯಾಗಿರಲಿಲ್ಲ. ದಿನವಿಡೀ ಒಂದೇ ಮಾತು ಕೇಳಿ ಕೇಳಿ ಬೇಸತ್ತವರು ಕೊನೆಗೆ ಉತ್ತರ ಕೊಡುವ ಹಾಗಿತ್ತು. ಬಾಗಿಲಿನಲ್ಲಿ ಮಂದಿ ಕೂಡಿದ್ದರು. ಹಿಂದಿನವರು "ಏನಂತ, ಏನಂತ" ಅಂದರು. ಮುಂದಿನವರು ಹೇಳಲಿಲ್ಲ.

ನಂದಿನಿ ಗೋಡೆಯ ಕಡೆ ಮುಖ ತಿರುಗಿಸಿದಳು. ಮರಿಲಿಂಗ ಏನೋ ಅನ್ನಲು ಬಾಯಿ ತೆಗೆದ. ಅಷ್ಟರಲ್ಲಿ ಹೆಂಗಸರ ನಡುವಿನಿಂದ ಪಕ್ಕದ ಮನೆಯ ಹಜರಾಬೀ ಮುಂದೆ ಬಂದಳು. ಗೋಡೆಗೆ ಗೋಡೆ ಹತ್ತಿದ ಮನೆ ಅವಳದು.

"ನಿನ್ನಿ ಮಧ್ಯಾಹ್ನ ಜೋಹರ್ ಅಜಾನ್ ಆಗೂ ತನಕ ಕೂಗಾಕತ್ತಿದ್ರು ಭಾಯಿ," ಅಂದಳು. "ಅಜಾನ್ ಆದ ಮ್ಯಾಲ ಒಂದ ಸಲ ಕೂಗಿದ್ರು. ಆಮ್ಯಾಲ ಇಲ್ಲ. ನೀವು ಬಂದ್ರಿ ಅಂದ್ಕೊಂಡೆ ಅಕ್ಕಾ. ನನಗೂ... ಸುಳ್ಳ್ಯಾಕ ಹೇಳಲಿ, ನನಗೂ ಖುಷಿ ಆತು. ನಿನ್ನಿ ಮಧ್ಯಾಹ್ನ ಮಲಗಿದೆ ನಾನು ಭಿ."

"ಅಜಾನ್ ಎಷ್ಟೊತ್ತಿಗಿ?" ಅಂತ ಕೇಳಿದ ಮುತ್ಯಾ.

"ಒಂದರ ಹತ್ರ."

ಮುತ್ಯಾ ಬೆರಳು ಮಡಚಿ ಎಣಿಸಿದ. "ಹಂಗಾರ ಮೂರು, ಮೂರೂವರಿ. ಅಷ್ಟರಾಗ ಬಿಡತದ. ರಾಹುಕಾಲ ಇದ್ರ ಇರಲಿ. ಕಲ್ಲು ಒಯ್ಯೋ ತಮ್ಮ, ಎಲ್ಲಿತ್ತಲ್ಲೇ ಇಡು. ಮರಿಲಿಂಗ, ಅವರಿಗೆಲ್ಲಾ ಚಹಾ ಕೊಡಸು. ಯಾರಿಗಿ ಹೋಗಬೇಕು ಅವರು ಹೋಗಲಿ."

ಮಂದಿ ಹೋಗಲಿಲ್ಲ. ಹೊರಗೆ ಸ್ವಲ್ಪ ಹೊತ್ತು ಗುಜುಗುಜು ನಡೆಯಿತು. "ಬೀಗ ಹಾಕಿ ಹೋಗಿದ್ರಂತ," ಅಂದಳು ಒಬ್ಬಳು. "ನೀ ಒಂದ ದಿನ ಬಂದು ಕುಂತಿದ್ದೇನು?" ಅಂದಳು ಇನ್ನೊಬ್ಬಳು. ಭಜನೆಯವರು ತಬಲಾಕ್ಕೆ ಬಟ್ಟೆ ಮುಚ್ಚಿ ಅದರ ಮೇಲೆ ಮೊಳಕೈ ಊರಿ ಕುಂತರು.

ಸುಗಲಮ್ಮ ಬಟ್ಟಲಲ್ಲಿ ಕುಸುಬಿ ಎಣ್ಣೆ ಹಾಕಿಕೊಂಡು ಎಡಗಾಲನ್ನು ತಿಕ್ಕಲು ಶುರು ಮಾಡಿದಳು. ತೊಡೆಯಿಂದ ಮೊಣಕಾಲು, ಮೊಣಕಾಲಿನಿಂದ ಹಿಮ್ಮಡಿ. ತಿಕ್ಕುವುದರಿಂದ ಆಗುವಂಥದ್ದೇನೂ ಇರಲಿಲ್ಲ, ಹೊತ್ತು ಕಳೆಯಬೇಕಿತ್ತು ಅಷ್ಟೇ. ಮುತ್ಯಾ ಅದನ್ನು ಹೇಳಲಿಲ್ಲ. ದೇವು ಬಂದು ಅಪ್ಪನ ತಲೆಯ ಹತ್ತಿರ ಕುಂತ. ಒಂದೆರಡು ಸಲ ಕೂದಲು ಸರಿಪಡಿಸಿದ. "ಕಟಿಂಗ್ ಮಾಡಿಸಬೇಕಿತ್ತು," ಅಂದ. ಎದ್ದು ಹೋಗಿ ಕತ್ತರಿ ತಂದು ಕಿವಿಯ ಮೇಲಿನ ಕೂದಲನ್ನು ತಾನೇ ಕತ್ತರಿಸಿದ. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆಯಾಯಿತು.

ಒಂದೂವರೆಗೆ ಗದ್ದ ಸಡಿಲಾಯಿತು. ಎರಡಕ್ಕೆ ಕೊರಳು ಹೊರಳಿತು.

"ಬಂದ ದಾರೀಲೇ ಹೋಗತದ," ಅಂದ ಮುತ್ಯಾ. "ಮ್ಯಾಲಿಂದ ಕೆಳಗ."

ಮರಿಲಿಂಗ ಬಂದು ಬಲಗಾಲಿನ ಹತ್ತಿರ ಕುಂತ. ಅಂಗಿಯ ತೋಳು ಮಡಚಿ ಬಟ್ಟಲಿನಲ್ಲಿ ಬೆರಳು ಅದ್ದಿದ. ಬಹಳ ಹೊತ್ತು ಇಬ್ಬರೂ ಎದುರು ಬದುರು ತಿಕ್ಕಿದರು.

"ಮುರೀಬೇಕಂತ ಇರಲಿಲ್ಲ ವೈನಿ."

"ಗೊತ್ತದ."

"ನಾ ಬಂದು ನೋಡಿ ಎರಡ ವರ್ಷ ಆಗಿತ್ತು."

"ಗೊತ್ತದ."

"ಬಂದ್ರ ಏನ ಮಾತಾಡೂದು ಅಂತ ತಿಳೀತಿರಲಿಲ್ಲ. ಅಂವಾ ಅಂದದ್ದಾ ಅನ್ನಾಂವ."

"ಹಂಗಾದ್ರ ನೀ ಅನ್ನಬೇಕಿತ್ತು ಬ್ಯಾರೇದು," ಅಂದಳು ಸುಗಲಮ್ಮ. "ಇನ್ನೊಂದೀಟು ಎಣ್ಣಿ ತಗೊ. ಒಣಾ ತಿಕ್ಕಬ್ಯಾಡ, ಚರ್ಮ ಕೀಳತದ."

ನಂದಿನಿ ಎಲ್ಲರಿಗೂ ಅವಲಕ್ಕಿ ಕೊಟ್ಟಳು. ಸುಗಲಮ್ಮನ ಕೈ ಎಣ್ಣೆಯಾಗಿತ್ತು. ನಂದಿನಿ ಸ್ವಲ್ಪ ಹೊತ್ತು ನಿಂತು ನೋಡಿ, ಪಕ್ಕದಲ್ಲಿ ಕುಂತು, ಚಮಚದಿಂದ ಅತ್ತೆಯ ಬಾಯಿಗೆ ಹಾಕಿದಳು. "ನಾನಾ ಒಳಗ ಹೋಗಿ ನೋಡಬಹುದಿತ್ತು ಅತ್ತಿ," ಅಂದಳು. ಸುಗಲಮ್ಮ ಅಗಿದು ನುಂಗಿದಳು.

"ನೋಡಬಹುದಿತ್ತು. ಈಗ ಸುಮ್ನ ಉಣಸು."

ಮೂರೂಕಾಲಿಗೆ ಎಡ ಮೊಣಕಾಲು ಅವಳ ಅಂಗೈಯೊಳಗೆ ಮೆತ್ತಗೆ ಸರಿಯಿತು. ಅವಳು ಕೈ ತೆಗೆಯಲಿಲ್ಲ. ಮುತ್ಯಾ ಬಂದು ಮೊಣಕಾಲಿನ ಕೆಳಗೆ ಕೈ ಹಾಕಿ ಎತ್ತಿದ. ಕಾಲು ಮಡಚಿತು.

"ಬರ್ರಿ," ಅಂದ ಹೊರಗಿನವರಿಗೆ.

ನಾಲ್ಕು ಮಂದಿ ಹಿಡಿದು ಗೋಡೆಗೆ ಕುಂಡ್ರಿಸಿದರು. ಮುತ್ಯಾ ಗದ್ದದ ಕೆಳಗೆ ಬಿಳಿ ಬಟ್ಟೆ ತಂದು ಮೊಳೆಗೆ ಕಟ್ಟಿದ. ಹಣೆಗೆ ಇಭೂತಿ ಹಚ್ಚಿದ. ಎಡಗೈಯನ್ನು ತೊಡೆಯ ಮೇಲೆ ಇಟ್ಟ. ಆಮೇಲೆ ಬಲಗೈ ಎತ್ತಿದ.

ಲಕ್ವಾ ಹೊಡೆದ ದಿನದಿಂದ ಆ ಕೈ ಮುಷ್ಟಿಯಾಗಿಯೇ ಇತ್ತು. ತೊಳೆಯಲು ಸುಗಲಮ್ಮ ದಿನಾ ಒಂದೊಂದೇ ಬೆರಳನ್ನು ಎಳೆದು ಬಿಡಿಸುತ್ತಿದ್ದಳು. ನಾಲ್ಕನೆಯದನ್ನು ಬಿಡಿಸುವಷ್ಟರಲ್ಲಿ ಮೊದಲನೆಯದು ಮುಚ್ಚಿಕೊಳ್ಳುತ್ತಿತ್ತು. ಈಗ ಮುತ್ಯಾ ಅದನ್ನು ತೊಡೆಯ ಮೇಲೆ ಇಟ್ಟು ಕೈ ಬಿಟ್ಟ ಕೂಡಲೇ ಬೆರಳುಗಳು ತಾವಾಗಿಯೇ ಬಿಚ್ಚಿಕೊಂಡವು. ಅಂಗೈ ಮೇಲಾಯಿತು. ಕೂಸಿನ ಅಂಗಾಲಿನ ಹಾಗೆ ಬೆಳ್ಳಗಿತ್ತು, ನಡುವೆ ಉಗುರು ಒತ್ತಿದ ನಾಲ್ಕು ಗುರುತು.

ಸುಗಲಮ್ಮ ಅದು ಮುಚ್ಚಿಕೊಳ್ಳುವುದನ್ನು ಕಾದಳು. ಮುಚ್ಚಿಕೊಳ್ಳಲಿಲ್ಲ.

ಮುಖ ನೋಡಲು ಮಂದಿ ಬಾಗಿಲಿಗೆ ನುಗ್ಗಿದರು. ಪಡಸಾಲೆ ಕತ್ತಲಾಯಿತು.

"ಬಾಗಲ ಬಿಟ್ಟು ನಿಂದರ್ರಿ," ಅಂದಳು ಸುಗಲಮ್ಮ, ಬೇಸರದಿಂದ. "ಎಷ್ಟ ಸಲ ಹೇಳಬೇಕು ನಿಮಗ?"

ಅವರಿಗೆ ಅದನ್ನು ಯಾರೂ ಒಮ್ಮೆಯೂ ಹೇಳಿರಲಿಲ್ಲ. ಆದರೂ ಸರಿದು ಎರಡೂ ಕಡೆ ಗೋಡೆಗೆ ಹತ್ತಿ ನಿಂತರು. ಪಡುವಣದ ಬಿಸಿಲು ಹೊಸ್ತಿಲು ದಾಟಿ, ಎಣ್ಣೆಯ ಬಟ್ಟಲು ದಾಟಿ ಬಂದು, ತೆರೆದ ಅಂಗೈಯಲ್ಲಿ ಬಿತ್ತು.